ಮೂರು ಯಂತ್ರ, ಒಂದೇ ಎದೆ

ಹರಿಹರ,
೧೪ ನವೆಂಬರ್ ೨೦೨೪

ಹುಬ್ಬಳ್ಳಿಯಲ್ಲಿ ಬೀಡುಬಿಟ್ಟಿರುವ ಹಾರ್ಮೋನಿಯಂ ಚಕ್ರವರ್ತಿ ಕರೀಂ ಸಾಬನಿಗೆ ವಾಮದೇವಪ್ಪನ ಸಾಷ್ಟಾಂಗ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯ್ತು. ಬೈಯಿ, ಆದರೆ ಪೂರ್ತಿ ಓದಿ ಬೈಯಿ. ನೀನು ಕೇಳಿದ್ದು ಒಂದೇ ಮಾತು: ಎದೆ ಪರೀಕ್ಷೆ ಏನಾಯ್ತು, ಸಂಕ್ರಾಂತಿ ನಾಟಕಕ್ಕೆ ಬಣ್ಣ ಹಚ್ತೀಯೋ ಇಲ್ಲೋ? ಹೇಳ್ತೀನಿ, ಕೇಳುವಂಥವನಾಗು.

ಅಕ್ಕ ಕಮಲಕ್ಕನ ಜೊತೆ ದಾವಣಗೆರೆಗೆ ಹೋದೆ. ಅಲ್ಲಿ ಡಾಕ್ಟರ್ ಸುಮೈರಾ ಅಂತ, ನಿನ್ನ ಮೊಮ್ಮಗಳ ವಯಸ್ಸು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸ್ಕ್ಯಾನಿಂಗ್ ಯಂತ್ರ ಮೂರು ತರಿಸಿದ್ದಾರೆ. ಎದೆಗೆ ಒತ್ತಿದರೆ ಮೊಬೈಲಿನಲ್ಲಿ ಚಿತ್ರ. ಒಬ್ಬನದೇ ಎದೆಯನ್ನು ಮೂರರಲ್ಲೂ ನೋಡಿ, ಯಾವುದರ ಚಿತ್ರ ಚೆನ್ನ ಅಂತ ಅಂಕ ಹಾಕಿ, ಗೆದ್ದದ್ದನ್ನು ಆಸ್ಪತ್ರೆಗೆ ಇಟ್ಕೊಳ್ತಾರಂತೆ. "ಅಜ್ಜಾರೇ, ನಿಮ್ಮ ಪರೀಕ್ಷೆನೂ ಆಗುತ್ತೆ, ನಮ್ಮ ಕೆಲಸಾನೂ ಆಗುತ್ತೆ. ಒಪ್ಪಿಗೆ ಐತೇನ್ರಿ?" ಎದೆಗೆ ಪ್ರೇಕ್ಷಕರು ಸಿಕ್ಕರೆ ಬ್ಯಾಡ ಅನ್ನೋ ನಟ ಯಾವನು?

ದೀಪ ಆರಿಸಿದರು. "ಉಸಿರು ಹೊರಗೆ ಬಿಟ್ಟು ತಡೀರಿ." ಮೊದಲ ಯಂತ್ರದಲ್ಲಿ ಬರೀ ಮಂಜು, ಮಾಗಿಯ ಬೆಳಗಿನ ತುಂಗಭದ್ರೆಯ ಹಾಗೆ. ಎರಡನೆಯದರಲ್ಲೂ ಅಷ್ಟೇ. ಪಾಪ, ಹುಡುಗಿ ಎರಡಕ್ಕೂ ಐದಕ್ಕೆ ಒಂದೊಂದು ಅಂಕ ಬರೆದಳು. ಆಗ ಮೂಲೆಯಿಂದ ಕಮಲಕ್ಕ: "ಡಾಕ್ಟ್ರೇ, ಯಂತ್ರಕ್ಕೆ ಯಾಕ ಬೈತೀರಿ? ಇವನು ಉಸಿರು ಬಿಡು ಅಂದ್ರೆ ಎದೆ ಉಬ್ಬಿಸ್ತಾನೆ. ರಾಜನ ಪಾರ್ಟು ಮಾಡಿ ಮಾಡಿ ಹಿಂಗಾಗೇತಿ."

ಸುಮೈರಾ ನಕ್ಕಳು. ಶ್ವಾಸಕೋಶದಲ್ಲಿ ಗಾಳಿ ತುಂಬಿದರೆ ಹೃದಯ ಮರೆಯಾಗುತ್ತಂತೆ. ಅಂಕ ಹೊಡೆದುಹಾಕಿ ಮೊದಲಿಂದ ಶುರು ಮಾಡಿದಳು. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಎರಡನೇ ಯಂತ್ರಕ್ಕೆ ನಾನು ಬೇಕಂತಲೇ ಎದೆ ಉಬ್ಬಿಸಿದ್ದೆ. ಚಿತ್ರ ಸ್ಪಷ್ಟವಾಗಿ ಬಂದರೆ ಬಣ್ಣ ತಪ್ಪುತ್ತೆ ಅನ್ನೋ ಹೆದರಿಕೆ.

ಈ ಸಲ ಬಿಟ್ಟೆ, ಇದ್ದ ಉಸಿರೆಲ್ಲ ಬಿಟ್ಟೆ. ಮೊದಲನೆಯದರಲ್ಲಿ ಮುಸ್ಸಂಜೆಯಷ್ಟು ಕಂಡಿತು, ಎರಡನೆಯದರಲ್ಲಿ ಬೆಳದಿಂಗಳಷ್ಟು. ಮೂರನೆಯದು, ಸಾಬ್, ಎಚ್ಚರದಲ್ಲೇ ಬಿದ್ದ ಕನಸು. ಕಪ್ಪು ನೀರಿನಲ್ಲಿ ಎರಡು ಬಿಳಿ ಎಸಳು, ಹೃದಯದ ಕವಾಟವಂತೆ, ತೆರೆದು ಮುಚ್ಚಿ, ತೆರೆದು ಮುಚ್ಚಿ. ಎಪ್ಪತ್ತೊಂದು ವರ್ಷ ಯಾರೂ ನೋಡದೆ ಇವು ಆಡ್ತಾನೇ ಇದ್ದವಲ್ಲ ಅಂತ ಕಣ್ಣು ತುಂಬಿತು. ಹಾಗೇ ತೇಲ್ತಾ ಇದ್ದೆ. ಸುಮೈರಾಳ ಬೆರಳು ಚಿತ್ರದ ಒಂದು ಕಡೆ ನಿಂತಿತು. ಅಲ್ಲಿ ಹೃದಯದ ಗೋಡೆ ಅಲ್ಲಾಡುತ್ತಿರಲಿಲ್ಲ.

"ಇದು ಹಳೇ ಹೃದಯಾಘಾತದ ಹೊಡೆತ, ಅಜ್ಜಾರೇ. ಯಾವಾಗಾದ್ರೂ ಎದೆ ಜೋರು ನೋವಾಗಿತ್ತಾ?"

"ನೆನಪಿಲ್ಲಮ್ಮ."

ದೊಡ್ಡ ಯಂತ್ರದಲ್ಲೂ ನೋಡಿದರು, ಅದೇ ಮಾತು. ಕೂಗೋ ಪಾರ್ಟು ಬ್ಯಾಡ ಅಂದಳು. ನನ್ನ ಪಾರ್ಟು ನಮ್ಮ ತಂಡದ ಬಕ್ಕೇಶನಿಗೆ ಕೊಟ್ಟೆ. ಅವನ ದನಿ ಮೂರನೇ ಸಾಲು ದಾಟಲ್ಲ, ಇರಲಿ.

ನಿನಗೂ ನಿನ್ನ ಮನೆಯವಳು ಮಾಬೂಬೀಗೂ ಆಯಸ್ಸು ತುಂಬಿ ತುಳುಕಲಿ.

ನಿನ್ನ,
ವಾಮದೇವ

ಮರೆತ ಮಾತು: ಸುಮೈರಾಗೆ ಸುಳ್ಳು ಹೇಳಿದೆ. ನೆನಪೈತೆ. ಎಲ್ಲರೆದುರು ನಿನಗೆ "ಕೈ ನಡುಗ್ತಾವೆ, ಪೆಟ್ಟಿಗೆ ಮುಚ್ಚು" ಅಂದೆನಲ್ಲ, ನೀನು ಹಾರ್ಮೋನಿಯಂ ಹೊತ್ತು ರೈಲು ಹತ್ತಿದೆಯಲ್ಲ, ಆ ಸಂಜೆ. ಎದೆ ಎಡಗೈವರೆಗೂ ಹಿಂಡಿತ್ತು. ಅದು ನಿನ್ನ ಮೇಲಿನ ಸಿಟ್ಟು ಅಂದ್ಕೊಂಡು ಒಂಬತ್ತು ವರ್ಷ ಕಳೆದೆ. ಸಂಕ್ರಾಂತಿಗೆ ಬಾ. ನಾನು ಕೆಳಗೆ ಪ್ರೇಕ್ಷಕರ ಜೊತೆ ಕೂಡ್ತೀನಿ, ನೀನು ನುಡಿಸು.