ಹೊರಗಿನ ಚಿಲಕ

ಫೆಬ್ರವರಿ 4

ಇವತ್ತೂ ಅದೇ ಕೆಲಸ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಹಿತ್ತಲ ತುಂಬ ಎಳೆದೆ, ಹಟಮಾರಿ ಮೇಕೆ ಎಳೆದ ಹಾಗೆ. ಅರ್ಧ ಡಬ್ಬ ತುಂಬಿತು. ಮೊಳೆ, ಸ್ಕ್ರೂ, ವಾಷರ್, ತಂತಿ ಚೂರು. ಕೋಳಿ ಸಾಕಲು ಗ್ಯಾರೇಜಿನ ಹಿಂದೆ ಜಾಗ ಬಾಡಿಗೆಗೆ ಹಿಡಿದರೆ ಇನ್ನೇನು ಸಿಗುತ್ತದೆ, ಮಣ್ಣಿಗಿಂತ ಕಬ್ಬಿಣ ಜಾಸ್ತಿ. ಕೋಳಿ ಹೊಳೆಯುವುದನ್ನೆಲ್ಲ ಕುಕ್ಕುತ್ತದೆ. ನುಂಗಿದರೆ ಕರುಳು ಹರಿದು ಸಾಯುತ್ತದೆ. ಒಂದು ಸತ್ತರೂ ತಂಗಿ... ಬೇಡ. ಬರೆಯುವುದಿಲ್ಲ.

ಗ್ಯಾರೇಜಿನವನು ಟೀ ಲೋಟ ಹಿಡಿದು ಬಂದು ನಿಂತ.

"ಏನಮ್ಮಾ, ಚಿನ್ನ ಸಿಕ್ತಾ?"

"ಸಿಕ್ಕಿದ್ರೆ ನಿನ್ನ ಬಾಯಿಗೆ ಬೀಗ ಮಾಡಿಸ್ತೀನಿ. ಹೋಗು."

ಮನೆಗೆ ಬಂದು ಹೊರಗಿನ ಚಿಲಕ ತೆಗೆದೆ. ತಂಗಿ ಕುರ್ಚಿಯಲ್ಲಿ, ಬೆಳಿಗ್ಗೆ ಬಿಟ್ಟು ಹೋದ ಹಾಗೇ. ಎದೆ ಏರಿಳಿಯುತ್ತಿದೆಯಾ ಅಂತ ನೋಡಿದೆ. ದಿನಾ ಮೊದಲು ನೋಡುವುದು ಅದನ್ನೇ. ಆಮೇಲೆ ಚಪ್ಪಲಿ ಬಿಡುವುದು.

ಫೆಬ್ರವರಿ 6, ಮಧ್ಯಾಹ್ನ

ಅವಳು ಮಲಗಿದ್ದಾಳೆ. ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದವಳು ನಾನು. ಸಾಯಲು ಔಷಧಿ ಕುಡಿದು ಬಂದವರ ಬಟ್ಟೆ ಎಷ್ಟು ಒಗೆದಿಲ್ಲ. ಯಾವತ್ತೂ ಏನೂ ಅನಿಸಿರಲಿಲ್ಲ, ಬಟ್ಟೆ ಅಂದರೆ ಬಟ್ಟೆ. ಹೋದ ವರ್ಷ ತಂಗಿಯದು ಒಗೆಯಬೇಕಾಯಿತು. ಅವಳ ಗಂಡ ತೀರಿಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಉಳಿದಳು. ಕರೆದುಕೊಂಡು ಬಂದು ಇಲ್ಲಿಟ್ಟುಕೊಂಡೆ. ಅವತ್ತಿನಿಂದ ಹೊಸಿಲು ದಾಟಿಲ್ಲ, ನಾನೂ ದಾಟಲು ಬಿಟ್ಟಿಲ್ಲ. ಹೊರಗೆ ಹೋಗುವಾಗ ಚಿಲಕ. ಮಾತ್ರೆ, ಫಿನಾಯಿಲು, ಚಾಕು ಎಲ್ಲ ನನ್ನ ಟ್ರಂಕಿನಲ್ಲಿ. ಈರುಳ್ಳಿ ಹೆಚ್ಚಬೇಕೆಂದರೆ ಬೀಗ ತೆಗೆಯಬೇಕು.

ಡಾಕ್ಟರು ಅವಳನ್ನು ಕೇಳಿದ್ದರು, ನಿಮಗೇನು ಇಷ್ಟ ಅಂತ. "ಗಿಡ್ಡ ಕೋಳಿ" ಅಂದಳು. ಅಷ್ಟೇ. ಚಿಕ್ಕವಳಿದ್ದಾಗ ಒಂದು ಸಾಕಿದ್ದಳು, ಭುಜದ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದಳು. ಈಗ ಅದಕ್ಕೆ ಬ್ಯಾಂಟಮ್ ಅನ್ನುತ್ತಾರೆ. ಸರಿ, ಬ್ಯಾಂಟಮ್. ಆನೆ ಬೇಕು ಅಂದಿದ್ದರೂ ಜಾಗ ಹುಡುಕುತ್ತಿದ್ದೆ.

ಫೆಬ್ರವರಿ 9

ಬಡಗಿ ಗೂಡು ತಂದ. ಇಟ್ಟಿಗೆ ಮೇಲೆ ಎತ್ತರಿಸಿ ನಿಲ್ಲಿಸಿದೆವು. ಒಳಗೆ ಕೂರಲು ಅಡ್ಡಕೋಲು. ನೆಟ್ಟಗಿರಲಿಲ್ಲ, ಬೈದೆ. ಜಾಲರಿಯನ್ನು ಮಣ್ಣಿನೊಳಗೆ ಒಂದು ಅಡಿ ಇಳಿಸಿ ಹೊರಕ್ಕೆ ಬಗ್ಗಿಸು ಅಂದೆ, ಕೆಳಗಿಂದ ತೋಡಿಕೊಂಡು ಏನೂ ಬರಬಾರದು.

"ದೊಡ್ಡಮ್ಮಾ, ಕೋಳಿಗೆ ಮಾಡಿಸ್ತಾ ಇದೀರಾ, ಕೈದಿಗಳಿಗಾ?"

"ನಿನಗೇ ಮಾಡಿಸ್ತಾ ಇದೀನಿ. ಅಗಿ."

ಚಿಲಕ ಎಲ್ಲಿ ಹಾಕಲಿ ಅಂತ ಕೇಳಿದ. ಹೊರಗೆ ಅಂದೆ. ಅಂದವಳಿಗೇ ಬಾಯಿ ಒಣಗಿತು. ಯಾಕೋ.

ಫೆಬ್ರವರಿ 16, ಭಾನುವಾರ

ಅವಳನ್ನು ಕರೆದುಕೊಂಡು ಹೋದೆ. ಮೊದಲ ಸಲ. ಕೈ ಬಿಡಲಿಲ್ಲ, ರಸ್ತೆ ಉದ್ದಕ್ಕೂ. ಬೆವರಿದಳು. ಲಾರಿ ಹಾರ್ನಿಗೆ ನನ್ನ ತೋಳು ಚಿವುಟಿ ಹಿಡಿದಳು, ಇನ್ನೂ ಕಪ್ಪಗಿದೆ.

ಹಿತ್ತಲಲ್ಲಿ ನಿಂತು ಗೂಡು ನೋಡಿದಳು. ಬೂದಿ ಗುಂಡಿ ನೋಡಿದಳು, ಕೋಳಿ ಹೊರಳಾಡಿ ಹೇನು ಉದುರಿಸಿಕೊಳ್ಳಲಿ ಅಂತ ಮಾಡಿದ್ದು. "ಇನ್ನೂ ಅಗಲ ಬೇಕು ಅಕ್ಕಾ" ಅಂದಳು. ನನಗೆ ಅಲ್ಲೇ ಕುಣಿಯಬೇಕು ಅನಿಸಿತು. "ನೋಡಿದ್ಯಾ ಇವಳ ದರ್ಬಾರು" ಅಂದೆ.

ಹೊರಡುವಾಗ ಗೂಡಿನ ಹಿಂದೆ ಬಗ್ಗಿ ಏನೋ ಎತ್ತಿಕೊಂಡಳು. ಮುಷ್ಟಿಯೊಳಗೆ. ನಾನು ನೋಡಲಿಲ್ಲ ಅಂದುಕೊಂಡಳು. ನಾನೂ ನೋಡದವಳ ಹಾಗೆ ಇದ್ದೆ.

ಫೆಬ್ರವರಿ 18

ಕೋಳಿ ಬಂದವು. ನಾಲ್ಕು ಹೇಂಟೆ, ಒಂದು ಹುಂಜ. ಹುಂಜ ಮುಷ್ಟಿಯಷ್ಟಿದೆ, ಅಹಂಕಾರ ಇಡೀ ಬೀದಿಗಾಗುವಷ್ಟು. ನನ್ನ ಚಪ್ಪಲಿ ಮೇಲೆ ಜಗಳಕ್ಕೆ ಬಂತು. ಮನೆಗೆ ಬಂದು ತಂಗಿಗೆ ಹೇಳಿದೆ. ತುಟಿ ಒಂದು ಚೂರು ಅಲ್ಲಾಡಿತು.

ಫೆಬ್ರವರಿ 20, ಮಧ್ಯಾಹ್ನ

ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಹೇಗೋ ಇರಲಿ.

ಗೂಡಿನ ಹಿಂದೆ ನೀಲಿ ಪೊಟ್ಟಣ. ಇಲಿ ಪಾಷಾಣ. ಒಂದಲ್ಲ, ಮೂರು ಸಿಕ್ಕಿದವು. ಎತ್ತಿಕೊಂಡು ನೇರ ಗ್ಯಾರೇಜಿಗೆ ನುಗ್ಗಿದೆ.

"ಯಾರೋ ಇದನ್ನ ಇಟ್ಟಿದ್ದು?"

"ನಾನೇ ಅಮ್ಮಾ. ಕಾಳು ಹಾಕಿದ್ರೆ ಇಲಿ ಬರುತ್ತೆ ಅಂತ ಮುಂಚೇನೇ ಔಷಧಿ ಇಟ್ಟೆ. ನಿಮಗೆ ಉಪಕಾರ ಆಗಲಿ ಅಂತ."

"ಕೋಳಿ ತಿಂದ್ರೆ? ನಿನ್ನ ಉಪಕಾರಕ್ಕೆ ಬೆಂಕಿ ಹಾಕ!"

"ಜಾಲರಿ ಆಚೆಗೆ ಇಟ್ಟಿದ್ನಲ್ಲ... ಹೋದ ವಾರಾನೇ ಇಟ್ಟಿದ್ದು, ನಾಲ್ಕು ಪೊಟ್ಟಣ. ಏನೂ ಆಗಿಲ್ಲ ಬಿಡಿ."

ನಾಲ್ಕು.

ಹೋದ ವಾರ. ಅಂದರೆ ಭಾನುವಾರಕ್ಕೆ ಮುಂಚೆ. ಅವಳು ಬಗ್ಗಿದ್ದು ಗೂಡಿನ ಹಿಂದೆಯೇ.

ಹಿತ್ತಲೆಲ್ಲ ಬಗೆದೆ. ಸಿಗಲಿಲ್ಲ. ಮನೆಗೆ ಬಂದು ಅವಳು ಸ್ನಾನಕ್ಕೆ ಹೋದಾಗ ಹಾಸಿಗೆ, ದಿಂಬು, ಬಟ್ಟೆ ಎಲ್ಲ ಕೊಡವಿದೆ. ಇಲ್ಲ. ಬಚ್ಚಲಿನ ಬಾಗಿಲಿಗೆ ಕಿವಿ ಇಟ್ಟು ನಿಂತೆ, ನೀರಿನ ಸದ್ದು ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ನಾನೇ ಹುಟ್ಟಿಸಿದ ಹಾಗೆ ಆದರೆ? ಕೇಳದಿದ್ದರೆ?

ಊಟಕ್ಕೆ ಕೂತಾಗ ಬಾಯಿಗೆ ಬಂದದ್ದು ಬೇರೆ ಮಾತು. "ಒಂದು ಹೇಂಟೆ ತೂಕಡಿಸ್ತಾ ಇದೆ ಕಣೇ. ಮೂಗಲ್ಲಿ ನೀರು."

ತಟ್ಟೆ ಬಿಟ್ಟು ತಲೆ ಎತ್ತಿದಳು. "ಯಾವುದು?"

"ಬಿಳಿದು."

ಅಷ್ಟೇ. ಮತ್ತೆ ಉಣ್ಣಲಿಲ್ಲ.

ಫೆಬ್ರವರಿ 22

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ತೋರುಬೆರಳಿಗೆ ಬ್ಯಾಂಡೇಜು. ತಂಗಿ ಕಚ್ಚಿದ್ದು. ನಿನ್ನೆಯದು ಬರೆದು ಮುಗಿಸಬೇಕು, ತಲೆಯಲ್ಲೇ ಸುತ್ತುತ್ತಿದೆ.

ನಿನ್ನೆ ಬೆಳಿಗ್ಗೆ ಚಿಲಕ ಹಾಕಿ ಹಿತ್ತಲಿಗೆ ಹೋದೆ. ಆ ನಾಲ್ಕನೇ ಪೊಟ್ಟಣಕ್ಕೆ ಇಟ್ಟಿಗೆ ಸಂದಿಯಲ್ಲೆಲ್ಲ ಕೋಲು ಹಾಕಿ ಕೆದಕಿದೆ. ವಾಪಸು ಬರುತ್ತ ಬೀದಿ ತಿರುವಿನಲ್ಲಿ ಬಡಗಿ ಸಿಕ್ಕ.

"ದೊಡ್ಡಮ್ಮಾ, ಮೊಟ್ಟೆ ಇಡೋ ಪೆಟ್ಟಿಗೆ ನಿಮ್ಮನೇಲಿ ಕೊಟ್ಟು ಬಂದೆ. ಯಾರೋ ಮರೆತು ಹೊರಗಿಂದ ಚಿಲಕ ಹಾಕ್ಕೊಂಡು ಹೋಗಿದ್ರು, ಪಾಪ, ಒಳಗೆ ನಿಮ್ಮ ತಂಗಿ. ನಾನೇ ತೆಗೆದುಬಿಟ್ಟೆ."

ಉತ್ತರ ಕೊಟ್ಟೆನೋ ಇಲ್ಲವೋ. ಓಡಿದೆ. ಈ ಮಂಡಿ ಓಡಿ ಎಷ್ಟು ವರ್ಷವಾಗಿತ್ತೋ. ನನ್ನ ಮುಖ ನೋಡಿ ಬಡಗಿಯೂ ಹಿಂದೆ ಬಂದ.

ಬಾಗಿಲು ಹಾರು ಹೊಡೆದಿತ್ತು. ತಂಗಿ ಕುರ್ಚಿಯಲ್ಲಿ. ಮುಖ ಬಿಳಿಚಿ, ಮೈಯೆಲ್ಲ ಬೆವರು, ಉಸಿರು ಮೇಲೆ ಕೆಳಗೆ. ಕಾಲಲ್ಲಿ ನನ್ನ ಹಳೇ ಚಪ್ಪಲಿ.

"ಏನೇ ಆಯ್ತು? ಏನೇ ಮಾಡ್ಕೊಂಡೆ?"

"ಅಕ್ಕಾ... ಔಷಧಿ ತಗೊಂಡೆ."

ಆಮೇಲೆ ನಾನು ನಾನಾಗಿರಲಿಲ್ಲ. ತಲೆ ಹಿಡಿದು ಬಗ್ಗಿಸಿದೆ, ಬೆರಳು ಬಾಯೊಳಗೆ ತುರುಕಿದೆ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಇದ್ದವಳು, ಹಾಗೆ ಮಾಡಬಾರದು ಅಂತ ನರ್ಸುಗಳು ಹೇಳುವುದನ್ನು ನೂರು ಸಲ ಕೇಳಿದವಳು. "ಉಗುಳೇ! ಉಗುಳು!" ಅಂತ ಅರಚಿದೆ. "ಗಾಡಿ ತಗೊಂಬಾರೋ!" ಅಂತ ಬಡಗಿಗೆ. ಅವನು ಪೆಟ್ಟಿಗೆ ಎಡವಿ ಬಿದ್ದ. ತಂಗಿ ಕೈಕಾಲು ಬಡಿದಳು, ಕೊನೆಗೆ ನನ್ನ ಬೆರಳನ್ನು ಕಚ್ಚಿದಳು. ಎಲುಬು ಮುಟ್ಟುವ ಹಾಗೆ.

"ಕೋಳಿಗೆ ಅಕ್ಕಾ! ಕೋಳಿಗೆ! ಅಂಗಡೀಲಿ ತಗೊಂಡೆ ಅಂದಿದ್ದು!"

ಮುಷ್ಟಿ ಬಿಚ್ಚಿದಳು. ಚಿಕ್ಕ ಬಾಟಲಿ. ಸೀಲು ಒಡೆದಿಲ್ಲ. ಮೇಲೆ ಹುಂಜದ ಚಿತ್ರ.

ಬೀದಿ ಕೊನೆಯ ಪಶು ಔಷಧಿ ಅಂಗಡಿಗೆ ಒಬ್ಬಳೇ ಹೋಗಿ ಬಂದಿದ್ದಳು. ಒಂದು ವರ್ಷದಿಂದ ಒಬ್ಬಳೇ ಹೊಸಿಲು ದಾಟದವಳು. ದಾರಿಯಲ್ಲಿ ಎರಡು ಸಲ ಗೋಡೆ ಹಿಡಿದು ನಿಂತಳಂತೆ. ಅದಕ್ಕೇ ಆ ಬೆವರು.

ನಾನು ನೆಲದ ಮೇಲೆ ಕೂತೆ. ಬೆರಳಿಂದ ರಕ್ತ. ಬಡಗಿ ಬಾಗಿಲಲ್ಲಿ ನಿಂತು "ಗಾಡಿ ಬೇಕಾ, ಬೇಡ್ವಾ?" ಅಂದ. ತಂಗಿ "ಬೇಕು, ಅಕ್ಕನಿಗೆ" ಅಂದಳು.

ಫೆಬ್ರವರಿ 22, ಸಂಜೆ

ನಿನ್ನೆಯಿಂದ ಮಾತು ಬಿಟ್ಟಿದ್ದಳು. ಈಗ ಬಂದು ಎದುರು ಕೂತಳು.

"ಚಿಲಕ ಯಾಕಕ್ಕ ಹಾಕ್ತೀಯ?"

"ಭಯ ಕಣೇ. ಇನ್ಯಾಕೆ."

"ಮೊನ್ನೆಯಿಂದ ನನ್ನ ಬಟ್ಟೆ ಎಲ್ಲ ಜಾಲಾಡ್ತಾ ಇದೀಯ. ಏನು ಹುಡುಕ್ತಿದೀಯ?"

ಹೇಳಿಬಿಟ್ಟೆ. ಪೊಟ್ಟಣ, ನಾಲ್ಕು, ಮೂರು, ಅವಳು ಬಗ್ಗಿದ್ದು. ಎಲ್ಲ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಎದ್ದು ಹೋಗಿ ಕಿಟಕಿ ಮೇಲಿಂದ ಏನೋ ತಂದು ನನ್ನ ಅಂಗೈಯಲ್ಲಿಟ್ಟಳು. ಹಿತ್ತಾಳೆ ನಟ್ಟು. ಪುಟಾಣಿ. ಹೊಳೆಯುತ್ತಿತ್ತು.

"ಅಯಸ್ಕಾಂತ ಹಿತ್ತಾಳೆ ಹಿಡಿಯಲ್ಲ ಅಕ್ಕಾ. ನೀನು ಅಷ್ಟು ದಿನ ಎಳೆದಿದ್ದು ಬರೀ ಕಬ್ಬಿಣ. ಕೋಳಿ ನುಂಗುತ್ತೆ ಅಂತ ಎತ್ಕೊಂಡೆ. ಅವತ್ತೇ ಹೇಳಿದ್ರೆ ಬೇಜಾರಾಗ್ತೀಯ ಅಂತ ಹೇಳಲಿಲ್ಲ."

ನಟ್ಟನ್ನು ಬ್ಯಾಂಡೇಜು ಬೆರಳಲ್ಲೇ ತಿರುಗಿಸಿ ನೋಡಿದೆ.

"ಆ ಪೊಟ್ಟಣ ನಾನು ತಗೊಂಡಿಲ್ಲ. ನಂಬೋದಾದ್ರೆ ನಂಬು. ಇಲ್ಲಾಂದ್ರೆ ಇನ್ನೂ ದೊಡ್ಡ ಚಿಲಕ ಹಾಕ್ಸು." ಆಮೇಲೆ ಕೈ ಚಾಚಿ, "ಹಿತ್ತಲಿನ ಬೀಗದಕೈ ನನಗೆ ಬೇಕು. ಬಿಳಿ ಕೋಳಿಗೆ ದಿನಾ ಔಷಧಿ ನಾನೇ ಹಾಕ್ತೀನಿ."

ನಾಳೆ ನೋಡೋಣ ಅಂದೆ.

ಫೆಬ್ರವರಿ 25, ಬೆಳಿಗ್ಗೆ

ಮೂರು ದಿನ ನೋಡೋಣ ನೋಡೋಣ ಅಂದೆ. ಜೊತೆಯಲ್ಲೇ ಹೋದೆವು, ಜೊತೆಯಲ್ಲೇ ಬಂದೆವು. ಬಿಳಿ ಕೋಳಿ ಗೆಲುವಾಗಿದೆ. ಪೊಟ್ಟಣ ಮಾತ್ರ ಇಲ್ಲ.

ಇವತ್ತು ಬೀಗದಕೈ ಕೊಟ್ಟೆ. ಚಪ್ಪಲಿ ಮೆಟ್ಟಿ, ಬಾಟಲಿ ಹಿಡಿದು, "ಔಷಧಿ ಹಾಕಿ ಬರ್ತೀನಿ" ಅಂದಳು. ನನ್ನ ಮುಖವನ್ನೇ ನೋಡುತ್ತ, ಬೇಕೆಂದೇ. "ಹೂಂ, ಹೋಗು. ಆ ಹುಂಜನ ಹತ್ತಿರ ಹುಷಾರು" ಅಂದೆ.

ಹೋದಳು. ನಾನು ಬಾಗಿಲು ಹಾಕಿ ಒಳಗಿನ ಚಿಲಕ ಹಾಕಿಕೊಂಡೆ. ಹಿಂದೆಯೇ ಓಡಬಾರದು ಅಂತ. ಪೆನ್ನು ಹಿಡಿದದ್ದೂ ಅದಕ್ಕೇ, ಕಾಲು ಕಟ್ಟಿಹಾಕಲಿಕ್ಕೆ.

ಬರಬೇಕಿತ್ತು. ಔಷಧಿ ಕುಡಿಸಲು ಎಷ್ಟು ಹೊತ್ತು ಬೇಕು? ಕಾಳು ಹಾಕಿ ನೀರು ಬದಲಾಯಿಸುತ್ತಿರಬಹುದು. ಬೂದಿ ಗುಂಡಿ ಅಗಲ ಮಾಡುತ್ತೇನೆ ಅಂದಿದ್ದಳಲ್ಲ, ಅದೇ ಇರಬೇಕು. ಅಥವಾ ಕೂತು ನೋಡುತ್ತಿರಬಹುದು.

ಅಥವಾ ಸಿಕ್ಕಿದ್ದರೆ? ನನ್ನ ಕಣ್ಣಿಗೆ ಬೀಳದ ಹಿತ್ತಾಳೆ ಅವಳ ಕಣ್ಣಿಗೆ ಬಿತ್ತು. ನನಗೆ ಸಿಗದ ಪೊಟ್ಟಣ ಅವಳಿಗೆ ಸಿಕ್ಕಿದರೆ... ಅಲ್ಲಿ ಯಾರೂ ಇಲ್ಲ. ಒಬ್ಬಳೇ.

ಎದ್ದೆ. ಚಿಲಕದ ತನಕ ಹೋದೆ. ವಾಪಸು ಕೂತೆ. ಟೀ ಆರಿ ಕೆನೆ ಕಟ್ಟಿದೆ.

ಮತ್ತೆ ಎದ್ದೆ. ಇನ್ನು ಆಗುವುದಿಲ್ಲ. ನಂಬಿಕೆ ಗಿಂಬಿಕೆ ಎಲ್ಲ ಆಮೇಲೆ, ನಾನು ಹೊರಟೆ

ತಡಿ. ಗೇಟಿನ ಸದ್ದು. ನನ್ನ ಚಪ್ಪಲಿ ಎಳೆದು ಹಾಕುವ ಸದ್ದು, ಅವಳ ಕಾಲಿಗೆ ದೊಡ್ಡದು.

"ಅಕ್ಕಾ! ಬಾಗಿಲು ತೆಗಿ! ಸಿಕ್ತು! ಇಲಿ ಬಿಲದೊಳಗೆ ಎಳ್ಕೊಂಡು ಹೋಗಿತ್ತು ಕಣಕ್ಕ, ಹಾಗೇ ಇದೆ, ಒಡೆದಿಲ್ಲ! ಕಾಗದದಲ್ಲಿ ಹಿಡ್ಕೊಂಡು ಬಂದಿದೀನಿ, ಬೇಗ ಬಾ, ನನ್ನ ಕೈಯಿಂದ ತಗೋ ಇದನ್ನ. ಯಾಕಕ್ಕ ಒಳಗಿಂದ ಚಿಲಕ—"