ನಿಮ್ಮತ್ತೆಯ ಜೊತೆ ಜೋಗಿಮಟ್ಟಿಗೆ

ಪ್ರೀತಿಯ ನಾಗವೇಣಕ್ಕ,

ಡ್ಯೂಟಿ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಈಗಲೂ ಅರ್ಧ ದಾರಿ ನಿನ್ನ ಜೊತೆಗೇ ಮಾತಾಡಿಕೊಂಡು ಹೋಗುತ್ತೇನೆ. ವಾರ್ಡಿನ ಸುದ್ದಿ, ಹೊಸ ಡಾಕ್ಟರ ಸಿಡುಕು, ನನ್ನ ಮಗನ ಶೀತ, ಎಲ್ಲವನ್ನೂ. ಆದರೆ ಈ ವಿಷಯ ಹಾಗೆ ದಾರಿಯಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಜೋಗಿಮಟ್ಟಿ ಹತ್ತಿ ಬಂದೆ, ಅಕ್ಕ. ಒಬ್ಬಳೇ ಅಲ್ಲ. ಯಾರ ಜೊತೆ ಅಂದರೆ ನೀನು ನಂಬುವುದಿಲ್ಲ.

ನಾನು ಹೊಳಲ್ಕೆರೆಯ ಆಸ್ಪತ್ರೆಗೆ ನರ್ಸ್ ಆಗಿ ಬಂದ ಮೊದಲ ವಾರ ನೆನಪಿದೆಯಾ? ಇಂಜೆಕ್ಷನ್ ಕೊಡುವಾಗ ಕೈ ನಡುಗಿತೆಂದು ರೋಗಿಯ ಕಡೆಯವರು ಬೈದಿದ್ದರು. ಅಳುತ್ತಿದ್ದ ನನ್ನನ್ನು ನೀನು ಆಸ್ಪತ್ರೆಯ ಮಾಳಿಗೆಗೆ ಕರೆದುಕೊಂಡು ಹೋಗಿ ಕೈಗೆ ಚಹಾ ಕೊಟ್ಟೆ. ಬೈದವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂಡಲ ಕಡೆ ನೀಲಿಯಾಗಿ ಮಲಗಿದ್ದ ಬೆಟ್ಟಸಾಲು ತೋರಿಸಿದೆ. "ಅಗೋ, ಜೋಗಿಮಟ್ಟಿ. ದುರ್ಗದಾಗೆ ಬಿಸ್ಲು ಸುಡ್ತಿದ್ರೂ ಅದರ ಮ್ಯಾಲೆ ಮಂಜು ಕುಂತಿರ್ತೈತಂತೆ. ಒಂದಿನ ಹೋಗಾಣ."

"ನೀವು ಹೋಗಿದೀರಾ ಮೇಡಂ?" ಅಂದೆ.

"ಮೇಡಂ ಗೀಡಂ ಬ್ಯಾಡ. ಅಕ್ಕ ಅನ್ನು, ನೀನು ಅನ್ನು. ಇಲ್ಲ ಕಣೇ, ಹೋಗಿಲ್ಲ. ಮದುವೆಯಾಗಿ ಬಂದಾಗಿಂದ ನೋಡ್ತಾನೇ ಇದೀನಿ."

ಅಲ್ಲಿಂದ ಶುರುವಾದದ್ದು ನಮ್ಮ ಪ್ಲಾನು. ಇಬ್ಬರಿಗೂ ಒಂದೇ ಭಾನುವಾರ ರಜೆ ಸಿಗಬೇಕು. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡಿರಬೇಕು. ಮೇಲಿನವರೆಗೆ ರಸ್ತೆ ಇದ್ದರೂ ನಡೆದೇ ಹತ್ತಬೇಕು. "ಗಾಡಿಯಾಗೆ ಹೋದ್ರೆ ಹೋದಂಗೇ ಅಲ್ಲ" ಅನ್ನುತ್ತಿದ್ದೆ ನೀನು. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ. ನಾನು ಮಂಡಕ್ಕಿ ಅಂದರೆ, "ಆ ಗಾಳಿಗೆ ಮಂಡಕ್ಕಿ ಬಾಯಿಗೆ ಬರಲ್ಲ ಕಣೇ, ಹಿರಿಯೂರಿಗೆ ಹೋಗಿ ಬೀಳ್ತೈತೆ!" ಅಂತ ನಗುತ್ತಿದ್ದೆ. ದುರ್ಗದ ಸಂತೆಹೊಂಡದ ಹತ್ತಿರ ಕ್ಯಾನ್ವಾಸ್ ಬೂಟು ಕೊಂಡೆವಲ್ಲ, ನಾನು ನನ್ನದನ್ನು ಮನೆಗೆ ಒಯ್ದೆ. ನೀನು ನಿನ್ನದನ್ನು ಆಸ್ಪತ್ರೆಯ ಲಾಕರಿನಲ್ಲಿಟ್ಟೆ.

ಹಿರೇಗುಂಟನೂರಿನ ನಿಮ್ಮ ಮನೆಗೆ ನಾನು ಊಟಕ್ಕೆ ಬಂದ ದಿನ ಅದು ಯಾಕೆ ಅಂತ ಗೊತ್ತಾಯಿತು. ಎಲ್ಲರೂ ಕೂತಾಗ ನೀನು ಮೆಲ್ಲಗೆ ಬೆಟ್ಟದ ಮಾತು ತೆಗೆದೆ. ನಿನ್ನ ಗಂಡ ಮಂಜಣ್ಣ ತಲೆ ಎತ್ತದೆ ಉಣ್ಣುತ್ತಿದ್ದರು. ನಿಮ್ಮತ್ತೆ ಗೌರಮ್ಮನವರು ಸಾರಿನ ಪಾತ್ರೆ ಕೆಳಗಿಟ್ಟು, "ಗಂಡಸ್ರಿಲ್ದೆ ಹೆಂಗಸ್ರು ಕಾಡಿಗೆ ಹೋಗದೇನು? ಕರಡಿ ಅವೆ, ಚಿರತೆ ಅವೆ. ಆ ಬೆಟ್ಟದ ಮ್ಯಾಲೆ ಏನಿಟ್ಟೀಯ ನೀನು?" ಅಂದರು. ಅಷ್ಟೇ. ನೀನು ಬಸ್ಸು ಹತ್ತಿಸಲು ಬಂದಾಗ ನಾನು ಕುದಿಯುತ್ತಿದ್ದೆ. ನೀನೇ ನನ್ನನ್ನು ಸಮಾಧಾನ ಮಾಡಿದೆ: "ಅವರು ಕೆಟ್ಟೋರಲ್ಲ ಕಣೇ. ಅವರನ್ನೂ ಯಾರೂ ಎಲ್ಲಿಗೂ ಕಳಿಸಿಲ್ಲ. ನೋಡಾಣ, ಮುಂದಿನ ವರ್ಷ..." ಎಷ್ಟು ಮುಂದಿನ ವರ್ಷಗಳು ಬಂದವು ಅಕ್ಕ?

ದಾವಣಗೆರೆಯಲ್ಲಿ ತೋರಿಸಿಕೊಂಡು ಬಂದ ಸಂಜೆ ನೀನು ರಿಪೋರ್ಟನ್ನು ನನ್ನ ಕಡೆ ಚಾಚಿದೆ. ನಾವಿಬ್ಬರೂ ನರ್ಸುಗಳು. ಅದನ್ನು ಬಿಡಿಸಿ ಹೇಳಲು ನಮಗೆ ಬೇರೆ ಯಾರೂ ಬೇಕಿರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಾನು ಡ್ರಿಪ್ ಹಾಕಲು ಬಂದಾಗಲೆಲ್ಲ ನೀನು ನೋವಿನ ಮಾತು ಬಿಟ್ಟು ಬೆಟ್ಟದ ಮಾತೇ ತೆಗೆಯುತ್ತಿದ್ದೆ. "ಮಳೆ ನಿಲ್ಲಲಿ. ದೀಪಾವಳಿ ಹೊತ್ತಿಗೆ ಅಲ್ಲಿ ಸೀತಾಫಲ ಹಣ್ಣಾಗಿರ್ತಾವೆ. ಆವಾಗ ಹೋಗಾಣ." ನಾನು "ಹ್ಞೂಂ, ಹೋಗಾಣ" ಅನ್ನುತ್ತಿದ್ದೆ. ಇಬ್ಬರಿಗೂ ಗೊತ್ತಿತ್ತು. ಆದರೂ ಆ ಒಂದು ಮಾತನ್ನು ಮಾತ್ರ ನಾವು... ಬಿಡು. ದೀಪಾವಳಿಗೆ ನೀನಿರಲಿಲ್ಲ.

ನಿನ್ನ ಲಾಕರ್ ಖಾಲಿ ಮಾಡಿ ಸಾಮಾನೆಲ್ಲ ಮನೆಗೆ ತಂದುಕೊಟ್ಟವಳು ನಾನೇ. ಗೌರಮ್ಮನವರು ಚೀಲದಿಂದ ಒಂದೊಂದಾಗಿ ತೆಗೆದರು. ಏಪ್ರನ್, ಬಾಚಣಿಗೆ, ನಿನ್ನ ಮಗಳು ಚೈತ್ರಾ ಚಿಕ್ಕವಳಿದ್ದಾಗಿನ ಫೋಟೋ. ಕೊನೆಗೆ ಬೂಟು. ಒಮ್ಮೆಯೂ ಮಣ್ಣು ಸೋಕದ ಬೂಟು.

"ಇವು ಯಾತಕ್ಕವ್ವಾ? ಮನೇಗೆ ಯಾಕೆ ತಂದಿರ್ಲಿಲ್ಲ?"

"ಬೆಟ್ಟಕ್ಕೆ ಅಂತ ತಗೊಂಡಿದ್ದು" ಅಂದೆ. ಎರಡನೇ ಪ್ರಶ್ನೆಯ ಉತ್ತರ ಅವರಿಗೇ ಹೊಳೆಯಿತು. ಬೂಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಾ ಕೂತರು.

ಚಳಿಗಾಲ ಮುಗಿಯುವ ಹೊತ್ತಿಗೆ ಮಂಜಣ್ಣನ ಫೋನು ಬಂತು. "ಸಿಸ್ಟರ್, ಅವ್ವ ಮಾತಾಡ್ಬೇಕಂತೆ." ಗೌರಮ್ಮನವರು ಹೇಗಿದ್ದೀಯ ಅಂತಲೂ ಕೇಳಲಿಲ್ಲ. "ಆ ಬೆಟ್ಟಕ್ಕೆ ಯಾವಾಗ ಹೋಗ್ತೀಯವ್ವಾ ನೀನು? ನಾನೂ ಬರ್ತೀನಿ" ಅಂದರು. ನನಗೆ ಅಳು ಬರಲಿಲ್ಲ ಅಕ್ಕ, ಸಿಟ್ಟು ಬಂತು. ಈಗ್ಯಾಕೆ? ಯಾರಿಗಾಗಿ? ನೀನು ಕೇಳಿದಾಗ ಬಾರದ ಮನಸ್ಸು ಈಗ ಎಲ್ಲಿಂದ ಬಂತು? ನೋಡ್ತೀನಿ ಅಂತ ಹೇಳಿ ಫೋನಿಟ್ಟೆ. ಅವರು ಬಿಡಲಿಲ್ಲ. ವಾರವಾರವೂ ಫೋನು. "ಈ ಭಾನುವಾರ ರಜೆ ಐತಾ?" ಕೇಳುವ ಆ ದನಿಯಲ್ಲಿ ಹಟವಿರಲಿಲ್ಲ. ಕೊನೆಗೆ ಒಂದು ದಿನ "ಐತಮ್ಮ, ಹೋಗಾಣ" ಅಂದುಬಿಟ್ಟೆ.

ಆ ಭಾನುವಾರ ಬೆಳಿಗ್ಗೆ ಮಂಜಣ್ಣ ನಮ್ಮನ್ನು ಅರಣ್ಯ ಇಲಾಖೆಯ ಗೇಟಿನ ಹತ್ತಿರ ಇಳಿಸಿದರು. ನಾನು, ನಿನ್ನ ಮಗಳು ಚೈತ್ರಾ, ನಿಮ್ಮತ್ತೆ. ಅವರು ಸೀರೆ ಎತ್ತಿ ಸಿಕ್ಕಿಸಿ, ಹೊಲಕ್ಕೆ ಹೊರಟವರ ಹಾಗೆ ರೊಟ್ಟಿಯ ಗಂಟು ಹಿಡಿದಿದ್ದರು. ಗೇಟಿನ ಗಾರ್ಡ್, "ಅಜ್ಜೀ, ಗಾಡಿಯಾಗೆ ಹೋಗ್ರಿ, ಏರು ಐತೆ" ಅಂದ.

"ನಾನು ಹೊಲದಾಗೆ ನಡೆದಷ್ಟು ನೀನು ಬೈಕ್ನಾಗೂ ಓಡಾಡಿಲ್ಲ ಕಣಪ್ಪ. ದಾರಿ ಬಿಡು."

ಚೈತ್ರಾ ನಕ್ಕಳು. ನೀನು ನಕ್ಕ ಹಾಗೇ ಇತ್ತು, ತಲೆ ಹಿಂದಕ್ಕೆ ಎಸೆದು.

ಅರ್ಧ ಏರಿದ ಮೇಲೆ ಒಂದು ತಿರುವಿನಲ್ಲಿ ಅವರು ಬಂಡೆಗೆ ಕೈಯೂರಿ ನಿಂತುಬಿಟ್ಟರು. ಉಸಿರು ಮೇಲಕ್ಕೂ ಕೆಳಕ್ಕೂ. ನಾಡಿ ಹಿಡಿದು ನೋಡಿದೆ. ಓಡುತ್ತಿತ್ತು. ನೆರಳಿಗೆ ಕೂರಿಸಿ ನೀರು ಕುಡಿಸಿದೆ. "ಸಾಕಮ್ಮ. ಮಂಜಣ್ಣಂಗೆ ಫೋನ್ ಮಾಡ್ತೀನಿ, ಇಳಿಯಾಣ" ಅಂದೆ. ಅವರು ನನ್ನ ಕೈ ಬಿಡಲಿಲ್ಲ. "ಸ್ವಲ್ಪ ಹೊತ್ತು ಕುಂತ್ಕಳಾಣ. ಇಳಿಯಾದು ಬ್ಯಾಡ. ನಾನು ಇಳಿದ್ರೆ ನೀನೂ ಇಳೀತೀಯ. ನನ್ನಿಂದ ಒಬ್ಬಳು ನಿಂತಿದ್ದು ಸಾಕು." ನನ್ನ ಸಿಟ್ಟು ಅಲ್ಲೇ ಆ ತಿರುವಿನಲ್ಲೇ ಉಳಿಯಿತು, ಅಕ್ಕ. ನಾಡಿ ಇಳಿಯುವವರೆಗೆ ಕಾದೆ. ಆಮೇಲೆ ಮೂವರೂ ಬಸವನಹುಳುವಿನ ಹಾಗೆ ಹತ್ತಿದೆವು. ಪೊದೆಗಳಾಚೆ ನವಿಲು ಕೂಗುತ್ತಿತ್ತು. ಗಾಳಿ, ನೀನು ಹೇಳಿದ್ದಕ್ಕಿಂತ ಜೋರು.

ತುದಿಯಲ್ಲಿ ಮಂಜು ಆಗತಾನೇ ಕರಗುತ್ತಿತ್ತು. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. "ಅಕ್ಕ, ನೋಡಿಲ್ಲಿ" ಅನ್ನಲು ಪಕ್ಕಕ್ಕೆ ತಿರುಗಿದೆ. ತಿರುಗಿಬಿಟ್ಟೆ ಅಕ್ಕ, ನಿಜವಾಗಿ. ಪಕ್ಕದಲ್ಲಿದ್ದವರು ಗೌರಮ್ಮನವರು. ಸೆರಗನ್ನು ತಲೆಗೆ ಬಿಗಿಯಾಗಿ ಹಿಡಿದುಕೊಂಡು ಕೆಳಗೆ ಹುಡುಕುತ್ತಿದ್ದರು.

"ನಮ್ಮೂರು ಎಲ್ಲೈತೆ?"

ಚೈತ್ರಾ ಬೆರಳು ಮಾಡಿ ತೋರಿಸಿದಳು. ಅವರು ಬಹಳ ಹೊತ್ತು ಆ ಕಡೆಯೇ ನೋಡಿದರು. ಆಮೇಲೆ, ತಮಗೆ ತಾವೇ ಹೇಳಿಕೊಂಡಂತೆ ಅಂದರು: "ಇಷ್ಟೇನಾ? ಬೆಳಿಗ್ಗೆ ಹೊಂಟ್ರೆ ಸಂಜೀಕೆ ಮನೆ ಸೇರಬೋದು. ಇಷ್ಟಕ್ಕೆ ಬ್ಯಾಡ ಅಂದೆನಾ ನಾನು?"

ಪರವಾಗಿಲ್ಲ ಬಿಡಿ ಅನ್ನಬಹುದಿತ್ತು. ಅನ್ನಲಿಲ್ಲ. ಅದು ನನ್ನ ಮಾತಲ್ಲ, ನಿನ್ನದು. ನೀನಿದ್ದಿದ್ದರೆ ನೀನು ಖಂಡಿತ ಅನ್ನುತ್ತಿದ್ದೆ. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಅಷ್ಟೇ ಆಯಿತು ನನ್ನಿಂದ.

ಇನ್ನೊಂದು ಸುದ್ದಿ ಇದೆ. ಚೈತ್ರಾಳ ಕಾಲೇಜಿನ ಹುಡುಗಿಯರು ಚಿಕ್ಕಮಗಳೂರಿನ ಬೆಟ್ಟಗಳಿಗೆ ಚಾರಣ ಹೊರಟಿದ್ದರು, ಎರಡು ರಾತ್ರಿ ಅಲ್ಲೇ ಉಳಿಯುವುದು. ಅವಳು ಹೆದರಿಕೊಂಡೇ ಕೇಳಿದಳಂತೆ. ಮಂಜಣ್ಣ ಪೇಪರಿನಿಂದ ತಲೆ ಎತ್ತದೆ "ನೋಡಾಣ" ಅಂದರಂತೆ. ಅಡುಗೆಮನೆಯಿಂದ ನಿಮ್ಮತ್ತೆ ಹೊರಗೆ ಬಂದು, ಮಗನ ಮುಂದೆ ನಿಂತು, "ನೋಡಾಣ ಅನ್ಬ್ಯಾಡ ಕಣೋ. ಹೋಗಿ ಬಾ ಅನ್ನು" ಅಂದರಂತೆ.

ಇವತ್ತು ಬೆಳಿಗ್ಗೆ ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಳಿಸಿ ಬಂದೆ. ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ತಿರುಗುವವರೆಗೂ ಕೈ ಬೀಸುತ್ತಿದ್ದಳು, ಅಕ್ಕ.

ನಿನ್ನ
ರೇಖಾ