ವಜ್ರದೊಳಗೆ ಒಂದು ನಾಯಿ

ನನ್ನ ಓಯ್ ಅಕ್ಕಾ,

ನಿನ್ನೆ ಫೋನಿನಲ್ಲಿ "ಚಿತ್ರ ಬಂತು" ಅಂತ ಒಂದೇ ಮಾತು ಹೇಳಿ ಅತ್ತುಬಿಟ್ಟೆ. ಆ ಕಡೆಯಿಂದ ನೀನು "ಮುಕ್, ಅಳೋದು ಆಮೇಲೆ, ಮೊದಲು ಪೂರ್ತಿ ಹೇಳೇ" ಅಂತ ಕೂಗುತ್ತಿದ್ದೆ. ಅಷ್ಟರಲ್ಲಿ ನರ್ಸ್ ಬಂದು ನಿನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಚಿಯಾಂಗ್ ಮಾಯ್‌ನಲ್ಲಿ ಈಗ ಹೊಗೆಯ ತಿಂಗಳು. ಕಾಡಿಗೂ ಹೊಲಕ್ಕೂ ಬೆಂಕಿ ಬಿದ್ದು ಎದುರಿನ ಬೆಟ್ಟವೇ ಕಾಣುತ್ತಿಲ್ಲ. ಹೊಸದಾಗಿ ಅಸ್ಥಿಮಜ್ಜೆ ಹಾಕಿಸಿಕೊಂಡ ನೀನು ಬ್ಯಾಂಕಾಕಿನ ಆಸ್ಪತ್ರೆಯಲ್ಲೇ ಉಳಿದದ್ದು ಒಳ್ಳೆಯದಾಯಿತು. ಹಾಗಂತ ನಿನ್ನೆ ನೀನಿಲ್ಲದ ನಮ್ಮ ಲ್ಯಾಬಿನ ಕೋಣೆ ಚೆನ್ನಾಗಿತ್ತು ಅಂತ ಮಾತ್ರ ಹೇಳಲಾರೆ.

ನಾನು ಲ್ಯಾಬಿಗೆ ಸೇರಿದ ದಿನ ನೆನಪಿದೆಯಾ? ಮುಕ್ ಅಂದರೆ ಮುತ್ತು ತಾನೇ, ನೀನು ಬಿಡುತ್ತೀಯಾ? "ವಜ್ರದ ಲ್ಯಾಬಿಗೆ ಮುತ್ತು ಬಂತು, ಇನ್ನು ಬೋರ್ಡ್ ಹಾಕಿ ಒಡವೆ ಅಂಗಡಿ ತೆಗೆಯೋಣ" ಅಂತ ಎಲ್ಲರನ್ನೂ ನಗಿಸಿದೆ. ಆಮೇಲೆ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಹಳದಿ ಹರಳು ತೋರಿಸಿದೆ. ಯಾರ ಉಂಗುರಕ್ಕೂ ಬೇಡವಾದ, ದೋಷವಿರುವ ವಜ್ರ. ಇಂಗಾಲದ ಪರಮಾಣುಗಳ ನಡುವೆ ಅಲ್ಲಲ್ಲಿ ಸಾರಜನಕ ನುಸುಳಿಕೊಂಡಿದೆ, ಅದರ ಪಕ್ಕದ ಜಾಗ ಖಾಲಿ ಬಿದ್ದಿದೆ. "ಟಾಕೀಸಿನ ಕುರ್ಚಿ ಅಂದುಕೊಳ್ಳೇ" ಅಂದೆ. "ಹಸಿರು ಬೆಳಕು ಬಿಟ್ಟರೆ ಎಲೆಕ್ಟ್ರಾನ್ ಬಂದು ಕೂರುತ್ತೆ. ಕೆಂಪು ಬೆಳಕು ಜೋರಾಗಿ ಬಿಟ್ಟರೆ ಎದ್ದು ಹೋಗುತ್ತೆ. ಕೂತಿದ್ದರೆ ಒಂದು, ಎದ್ದಿದ್ದರೆ ಸೊನ್ನೆ. ಕತ್ತಲಲ್ಲಿ ಇಟ್ಟರೆ ಯಾರೂ ಜಾಗ ಬಿಟ್ಟು ಅಲ್ಲಾಡಲ್ಲ." ಓದಿ ಓದಿ ತಲೆಗೆ ಹತ್ತದಿದ್ದದ್ದು ಆವತ್ತು ನಿಂತ ನಿಲುವಿನಲ್ಲೇ ಹತ್ತಿತು.

ಆ ಹರಳಿನೊಳಗೆ ಸೊನ್ನೆ ಒಂದುಗಳಲ್ಲಿ ಒಂದು ಚಿತ್ರ ಬರೆದು, ಒಂದು ವರ್ಷ ಕತ್ತಲಲ್ಲಿಟ್ಟು, ಉಳಿಯುತ್ತದಾ ನೋಡೋಣ ಅಂತ ತೀರ್ಮಾನವಾದಾಗ ಥಾವೋನ್ ಮೇಷ್ಟ್ರು ನಮ್ಮ ವಿಶ್ವವಿದ್ಯಾಲಯದ ಲಾಂಛನವನ್ನೇ ಬರೆಯಬೇಕು ಅಂದಿದ್ದರು. ಅವರು ಸಮ್ಮೇಳನಕ್ಕೆ ಹೋದ ಹೊತ್ತು ನೋಡಿ ನೀನು ಗೇಟಿನ ನಾಯಿ ಖಾವ್ ನಿಯಾವ್‌ನ ಫೋಟೋ ಬರೆದುಬಿಟ್ಟೆ. ಅವರು ಬಂದು "ಏನಿದು ಓಯ್? ಸರ್ಕಾರದ ದುಡ್ಡಿನ ವಜ್ರದಲ್ಲಿ ಬೀದಿ ನಾಯಿನಾ? ಅಳಿಸು!" ಅಂತ ರೇಗಿದರು. ನೀನು ಕೈ ಮುಗಿದು, "ಲಾಂಛನ ಎಲ್ಲಾ ಗೋಡೆ ಮೇಲೂ ಇದೆ ಮೇಷ್ಟ್ರೇ, ಇದು ಮುದಿಯಾಗಿದೆ ಪಾಪ" ಅಂದೆ. ಅದೇ ವಾರ ನಿನಗೆ ಇಳಿಯದ ಜ್ವರ ಬಂತು. ಆಮೇಲೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಅಳಿಸುವ ಮಾತನ್ನು ಮೇಷ್ಟ್ರು ಮತ್ತೆ ಎತ್ತಲಿಲ್ಲ. ಹರಳನ್ನು ಕಪ್ಪು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟರು.

ನಿನಗೆ ಹೇಳದೆ ಉಳಿಸಿಕೊಂಡ ಒಂದು ಸಂಗತಿ ಇದೆ. ನಿನ್ನ ಕೂದಲು ಉದುರುತ್ತಿದ್ದ ದಿನಗಳು ಅವು, ಹೇಳಲು ಮನಸ್ಸಾಗಲಿಲ್ಲ. ಬ್ಯಾಂಕಾಕಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು. ನಾವು ಕೇಳಿದ್ದ ಹೊಸ ಲೇಸರ್ ಕೊಡಿಸುವುದೂ ಬಿಡುವುದೂ ಅವರ ಕೈಯಲ್ಲಿತ್ತು. "ಎಲ್ಲಿದೆಯಮ್ಮ ನಿಮ್ಮ ವಜ್ರ? ಪೆಟ್ಟಿಗೆ ತೆಗಿ, ಕೈಯಲ್ಲಿ ಹಿಡಿದು ಒಂದು ಫೋಟೋ ತೆಗೆಸಿಕೊಳ್ತೀನಿ" ಅಂದರು. ಬೆಳಕು ಬಿದ್ದರೆ ಒಳಗಿರುವುದು ಕೆಡುತ್ತದೆ ಅಂದೆ. "ಯಾರೂ ನೋಡಬಾರದ ವಜ್ರಕ್ಕೆ ನಾವು ಯಾಕೆ ದುಡ್ಡು ಸುರಿಯಬೇಕು?" ಅಂತ ನಕ್ಕರು, ಜೊತೆಯಲ್ಲಿ ಬಂದವರೆಲ್ಲ ನಕ್ಕರು. ನಾನು ಕಪಾಟಿಗೆ ಬೆನ್ನು ಕೊಟ್ಟು ನಿಂತೆ. ನನ್ನದು ಗುತ್ತಿಗೆ ಕೆಲಸ, ಮುಂದುವರಿಸುವ ಆದೇಶ ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಗೊತ್ತಲ್ಲ, ಮೇಲಿನವರ ಮುಂದೆ ನೆರಳಿನ ಹಾಗೆ ಸರಿದುಕೊಳ್ಳುವವರು. ಕೀಲಿ ಕೊಡು ಅಂತಾರೆ ಅಂದುಕೊಂಡೆ. ಅವರು ಮುಂದೆ ಬಂದು ಕೈ ಮುಗಿದು, "ಕ್ಷಮಿಸಬೇಕು. ಅದನ್ನ ಬರೆದಿರೋದು ನಮ್ಮ ಹುಡುಗಿ, ಆಸ್ಪತ್ರೆಯಲ್ಲಿದ್ದಾಳೆ. ಅವಳು ತೆಗಿ ಅನ್ನೋವರೆಗೆ ನಾನೂ ತೆಗೆಯಲ್ಲ" ಅಂದರು. ಲೇಸರ್ ಬರಲಿಲ್ಲ. ನನ್ನ ಕೆಲಸ ಮಾತ್ರ ಹೇಗೋ ಉಳಿಯಿತು.

ಹೋದ ವಾರ ನೀನೇ "ಹೊಗೆ ಹೋಗಲಿ ಅಂತ ನನಗಾಗಿ ಕಾಯಬೇಡಿ, ವರ್ಷ ಆಯ್ತು, ತೆಗೀರಿ" ಅಂದೆಯಲ್ಲ. ನಿನ್ನೆ ಹಳೆಯ ಲೇಸರನ್ನೇ ಸರಿಮಾಡಿಕೊಂಡು ಕೂತೆವು. ಚಿತ್ರ ಓದುವ ಕೆಂಪು ಬೆಳಕನ್ನು, ಎಲೆಕ್ಟ್ರಾನ್ ಎದ್ದು ಹೋಗದಿರಲಿ ಅಂತ, ನೀನು ಹೇಳಿಕೊಟ್ಟ ಹಾಗೆ ಸಣ್ಣದಾಗಿ ಇಟ್ಟೆ. ಪರದೆಯ ಮೇಲೆ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯತೊಡಗಿತು. ಮೊದಲು ಒಂದು ಕಿವಿಯ ತುದಿ. ಆಮೇಲೆ ಹಣೆ, ಕಣ್ಣು. ಮೇಷ್ಟ್ರು ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕುಸಿದರು. "ಹೋಯ್ತು. ಇನ್ನೊಂದು ಕಿವಿ ಹೋಯ್ತು. ಆ ಮೂಲೆಯಲ್ಲಿ ಒಂದೂ ಉಳಿದಿಲ್ಲ. ಓಯ್‌ಗೆ ಏನಂತ ಹೇಳಲಿ?"

"ಮೇಷ್ಟ್ರೇ, ಅದಕ್ಕೆ ಇರೋದೇ ಒಂದು ಕಿವಿ" ಅಂದೆ.

ಅವರು ನಂಬಲಿಲ್ಲ. ಮಾಸ್ಕ್ ಹಾಕಿಕೊಂಡು ಆ ಹೊಗೆಯಲ್ಲೇ ಗೇಟಿನವರೆಗೆ ಹೋದರು, ನಾನೂ ಹಿಂದೆಯೇ ಓಡಿದೆ. ಖಾವ್ ನಿಯಾವ್ ಎದುರು ಕುಕ್ಕರಗಾಲಲ್ಲಿ ಕೂತು ಅದರ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಅದು ಗುರ್ ಅಂತು. "ಇಷ್ಟು ವರ್ಷದಿಂದ ದಿನಾ ಇದನ್ನ ದಾಟಿಕೊಂಡೇ ಹೋಗಿದ್ದೀನಲ್ಲೋ" ಅಂತ ನಾಯಿಗೇ ಹೇಳಿದರು. ನಾನು ನಗುತ್ತಾ ಅಳುತ್ತಾ ನಿನಗೆ ಫೋನ್ ಮಾಡಿದ್ದು ಆಗಲೇ. ಮೂಲ ಫೋಟೋದ ಜೊತೆ ಆಮೇಲೆ ಹೋಲಿಸಿ ನೋಡಿದೆವು. ಅಲ್ಲೊಂದು ಇಲ್ಲೊಂದು ಚುಕ್ಕಿ ಬಿಟ್ಟರೆ ಎಲ್ಲಾ ಇದೆ ಅಕ್ಕಾ, ಮೀಸೆ ಸಮೇತ ಇದೆ.

ಸಂಜೆ ಮೇಷ್ಟ್ರು ಇನ್ನೊಂದು ಹರಳು ತೆಗೆದರು. ಇದು ಹತ್ತು ವರ್ಷ ಕತ್ತಲಲ್ಲಿ ಇರಬೇಕಂತೆ. ಪೆಟ್ಟಿಗೆಯ ಮೇಲೆ ಟೇಪ್ ಅಂಟಿಸಿ, ತೆರೆಯುವವರ ಹೆಸರು ಅಂತ ನಿನ್ನ ಹೆಸರು ಬರೆದರು. ನನ್ನ ಬಾಯಿ ಸುಮ್ಮನಿರಲಿಲ್ಲ, "ಮೇಷ್ಟ್ರೇ, ಹತ್ತು ವರ್ಷ..." ಅಂದುಬಿಟ್ಟೆ. "ಏನೀಗ? ಅವಳೇ ಬಂದು ತೆಗೀಬೇಕು. ಬೇರೆ ಯಾರಾದರೂ ಮುಟ್ಟಿದರೆ ಕೈ ಮುರೀತೀನಿ" ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಬಹಳ ಹೊತ್ತು ಕೂತರು. ಒಳಗೆ ಏನು ಬರೆಯಬೇಕು ಅಂತ ನೀನೇ ಹೇಳಬೇಕಂತೆ. ಲಾಂಛನದ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಇದರ ಜೊತೆ ಗುಡಿಯಲ್ಲಿ ಭಿಕ್ಷುಗಳು ಮಂತ್ರಿಸಿ ಕೊಟ್ಟ ಬಿಳಿ ದಾರ ಇಟ್ಟಿದ್ದೇನೆ. ಕೈಗೆ ಕಟ್ಟಲು ನರ್ಸ್ ಬಿಡದಿದ್ದರೆ ನಿನ್ನಮ್ಮನ ಕೈಗೆ ಕೊಡು, ಜೋಪಾನವಾಗಿಡಲಿ. ನಿನ್ನ ಹೊಸ ರಕ್ತ ನಿನ್ನ ಮಾತು ಕೇಳಿಕೊಂಡು ಇರಲಿ. ಮೊದಲ ಮಳೆ ಈ ಹೊಗೆಯನ್ನು ತೊಳೆದ ಮಾರನೆಯ ದಿನವೇ ನೀನು ರೈಲು ಹತ್ತುವಂತಾಗಲಿ. ಸ್ಟೇಷನ್ನಿಗೆ ನಾನು ಬರುತ್ತೇನೆ, ಮೇಷ್ಟ್ರೂ ಬರುತ್ತಾರಂತೆ.

ನಿನ್ನ ದಾರಿ ಕಾಯುತ್ತಿರುವ,
ಮುಕ್